ಒಳಗಿನ ಪ್ಯಾಡ್ ಮಾತ್ರ ಸವೆದಿದ್ದರೆ

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಕಾರಿಗೆ ಆರು ವರ್ಷ. ಬ್ರೇಕ್ ಒತ್ತಿದರೆ ಮುಂದಿನ ಎಡ ಚಕ್ರ ಕಿರ್ ಎನ್ನುತ್ತದೆ. ಚಕ್ರ ಬಿಚ್ಚಿ ನೋಡಿದೆ: ಒಳಗಿನ ಪ್ಯಾಡ್ ಪೂರ್ತಿ ಸವೆದಿದೆ, ಹೊರಗಿನದು ಅರ್ಧ ಉಳಿದಿದೆ. ಎಡಗಡೆಯ ಪ್ಯಾಡ್ ಮಾತ್ರ ನಾನೇ ಬದಲಿಸಿದರೆ ಸಾಕೇ? ಮುಂದಿನ ವಾರ ಸುಳ್ಯ ದಾರಿಯಾಗಿ ಮಡಿಕೇರಿಗೆ ಹೋಗುವುದಿದೆ.

ಉತ್ತರ: ನೀವೇ ಬದಲಿಸಬಹುದು. ಆದರೆ ಮುಂದಿನ ಎಡ, ಬಲ ಎರಡೂ ಚಕ್ರಗಳದು ಒಟ್ಟಿಗೇ ಆಗಬೇಕು. ಒಂದೇ ಕಡೆ ಹೊಸತು ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಕಿರ್ ಎನ್ನುವುದು ಬಹುಶಃ ಪ್ಯಾಡಿನ ಉಕ್ಕಿನ ಪಟ್ಟಿ. ಸವೆತ ಮಿತಿ ಮೀರಿದಾಗ, ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಾಗಿ ಎಚ್ಚರಿಸಲೆಂದೇ ಅದನ್ನು ಇಟ್ಟಿರುತ್ತಾರೆ. ಪ್ಯಾಡ್ 3 ಮಿ.ಮೀ.ಗೆ ಇಳಿದರೆ ಬದಲಿಸುವ ಹೊತ್ತಾಯಿತು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು ಒಳಗಿನದು ಮಾತ್ರ ಸವೆದಿರುವುದು. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆ, ಅಂದರೆ ಕ್ಯಾಲಿಪರ್, ಎರಡು ಸ್ಲೈಡ್ ಪಿನ್‌ಗಳ ಮೇಲೆ ಜಾರಬೇಕು. ಪಿನ್ ಬಿಗಿಯಾದರೆ, ಪ್ಯಾಡನ್ನು ತಳ್ಳುವ ಪಿಸ್ಟನ್ ಇರುವ ಒಳಬದಿಯ ಪ್ಯಾಡೇ ಎಲ್ಲ ಕೆಲಸ ಮಾಡುತ್ತದೆ. ನಮ್ಮ ಕಾಸರಗೋಡಿನ ಮಳೆಯಲ್ಲಿ ಇದು ಹೊಸ ರೋಗವಲ್ಲ. ಪಿನ್ನಿನ ರಬ್ಬರ್ ಟೊಪ್ಪಿ ಒಡೆದರೆ ನೀರು ಒಳಗಿಳಿದು ತುಕ್ಕು ಹಿಡಿಸುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಹೊಸ ಪ್ಯಾಡೂ ಇದೇ ರೀತಿ ಹಾಳಾಗುತ್ತದೆ.

ಪಿನ್‌ಗಳನ್ನು ಎಳೆದು ತೆಗೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಚಕ್ರದ ಬೇರಿಂಗಿನ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬುತ್ತದೆ. ಒಡೆದ ಟೊಪ್ಪಿಗೆ ಹೊಸದೇ ಬೇಕು. ಪಿನ್ನಿನಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಅದನ್ನೂ ಬದಲಿಸಿ, ಉಜ್ಜಿ ನಯಮಾಡಲು ಹೋಗಬೇಡಿ.

ಉಳಿದದ್ದು ಕ್ರಮದ ಕೆಲಸ. ಮಳೆಗೆ ನೆನೆದ ಮಣ್ಣಿನಂಗಳದಲ್ಲಿ ಜಾಕ್ ಹೂತುಹೋಗುತ್ತದೆ, ಸಿಮೆಂಟು ನೆಲವೇ ಆಗಬೇಕು. ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ, ಬರೀ ಜಾಕನ್ನು ನಂಬದೆ ಸ್ಟ್ಯಾಂಡ್ ಇಡಿ. ಒಂದು ಬದಿ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಿ. ಕ್ಲಿಪ್ ಹೇಗಿತ್ತೆಂದು ಮರೆತರೆ ಆಚೆಯದನ್ನು ನೋಡಬಹುದು. ಕ್ಯಾಲಿಪರನ್ನು ಬ್ರೇಕ್ ಆಯಿಲ್ ಬರುವ ಹೋಸಿನಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಿ. ಬ್ರೇಕ್ ದೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಅಚ್ಚಾಗಿದ್ದರೆ ಅಳೆದು ನೋಡಿ.

ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಿಂದ (ತಿರುಪು ತಿರುಗಿಸಿ ಒತ್ತುವ C ಆಕಾರದ ಹಿಡಿಕೆ) ನಿಧಾನವಾಗಿ ಒಳಗೆ ತಳ್ಳುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಯಾರಾದರೂ ನಡುವೆ ತುಂಬಿಸಿದ್ದರೆ ಉಕ್ಕಿ ಕಾರಿನ ಬಣ್ಣ ಕಿತ್ತುಬಿಡಬಹುದು, ಮೊದಲೇ ಸ್ವಲ್ಪ ತೆಗೆದುಬಿಡಿ. ಪಿಸ್ಟನ್ ಸರಾಗವಾಗಿ ಒಳಗೆ ಹೋಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯಿರಿ. ಬೋಲ್ಟು, ನಟ್ಟುಗಳನ್ನು ಕಾರಿನ ಕೈಪಿಡಿ ಹೇಳಿದ ಬಿಗಿಗೆ, ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಎಲ್ಲ ಜೋಡಿಸಿದ ಮೇಲೆ, ಕಾರು ಕದಲಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಇದನ್ನು ಮರೆತರೆ ಮೊದಲ ಸಲ ಪೆಡಲ್ ತಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಹೊಸ ಪ್ಯಾಡ್ ಹಾಕಿದ ಮರುದಿನವೇ ಮಡಿಕೇರಿ ದಾರಿಯ ಸಂಪಾಜೆ ಘಾಟಿ ಬೇಡ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸುತ್ತಾ, ನಡುನಡುವೆ ತಣಿಯಲು ಬಿಡುತ್ತಾ ಎಂಟು ಹತ್ತು ಸಲ ಓಡಿಸಿ. ಮೊದಲ 200 ಕಿ.ಮೀ. ಜೋರು ಬ್ರೇಕ್ ತಪ್ಪಿಸಿ. ಆಮೇಲೆ ಎಡ ಚಕ್ರದ ಬಳಿ ಕೈ ಒಡ್ಡಿ, ಮುಟ್ಟಬೇಡಿ. ಬಲಗಡೆಗಿಂತ ಜಾಸ್ತಿ ಕಾವು ಬಂದರೆ ಪಿನ್ನೋ ಪಿಸ್ಟನ್ನೋ ಇನ್ನೂ ಹಿಡಿದಿದೆ ಎಂದೇ ತಿಳಿದು, ಘಾಟಿಗೆ ಹೊರಡುವ ಮೊದಲು ವರ್ಕ್‌ಶಾಪಿಗೆ ಒಯ್ಯಿರಿ.