ಅಮಾವಾಸ್ಯೆಯಂದು ಚಂದ್ರಮಠದವರು ಏನು ಮಾಡಬೇಕು?

ನಿಮ್ಮ ಕಾದಂಬರಿಯಲ್ಲಿ ಚಂದ್ರನನ್ನು ಪೂಜಿಸುವ ಮಠದವರಿಗೆ ಅಮಾವಾಸ್ಯೆಯಂದು ಏನು ಕೆಲಸ ಕೊಡಲಿ ಅಂತ ಕೇಳಿದ್ದೀರಿ. ಸುಮ್ನೆ ಉಪವಾಸ ಮಾಡಿಸಬೇಡಿ, ಕಡಲ ದಡಕ್ಕೆ ಕಳಿಸಿ. ನಾನು ಕಾಸರಗೋಡಿನವನು. ಚಂದ್ರಗಿರಿ ಹೊಳೆ ಕಡಲು ಸೇರುವಲ್ಲಿ ಹುಣ್ಣಿಮೆಯ ಹಾಗೆಯೇ ಅಮಾವಾಸ್ಯೆಗೂ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಸೂರ್ಯ, ಚಂದ್ರ ಒಂದೇ ಸಾಲಿಗೆ ಬಂದು ಒಟ್ಟಿಗೆ ಎಳೆಯುವುದೇ ಕಾರಣ. ಕಣ್ಣಿಗೆ ಕಾಣದ ದೇವರು ನೀರನ್ನು ಎತ್ತುತ್ತಿದ್ದಾನೆ! ಭಕ್ತರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಅವರ ಭಯದ ದಿನ ಅದಾಗಲಿ.

ಊರಿನವರು ನಮ್ಮ ಹಾಗೆ ಸೌರಮಾನದವರಾದರೆ, ಅಂದರೆ ಸೂರ್ಯನ ಲೆಕ್ಕದಲ್ಲಿ ವರ್ಷ ಎಣಿಸುವವರಾದರೆ, ಇನ್ನೂ ಚಂದ. ಚಾಂದ್ರ ವರ್ಷಕ್ಕೆ ಸುಮಾರು 354 ದಿನ. ಈ ವ್ಯತ್ಯಾಸ ಸರಿದೂಗಿಸಲು ಆಗಾಗ ಸೇರಿಸುವ ಹೆಚ್ಚಿನ ತಿಂಗಳನ್ನು, ಅಂದರೆ ಅಧಿಕಮಾಸವನ್ನು, ಮಠ ಒಪ್ಪದಿದ್ದರೆ ಅದರ ಕೊಯ್ಲಿನ ಹಬ್ಬ ವರ್ಷಕ್ಕೆ 11 ದಿನದಂತೆ ಹಿಂದೆ ಸರಿದು ಜಡಿಮಳೆಗೆ ಬಂದುಬಿಡುತ್ತದೆ. ಜಗಳ ಅಲ್ಲಿಂದಲೇ ಶುರು ಮಾಡಿ.