ಎರಡನೇ ಪೇಪರ್ ಮುಗಿದ ಸಂಜೆ

(ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸುಮಾ ಅಂತ ಇಟ್ಟುಕೊಳ್ಳೋಣ. ದಾವಣಗೆರೆ ಕಡೆಯವಳು, ವಯಸ್ಸು 24. ಬೆಂಗಳೂರಿನ ಪಿಜಿಯಲ್ಲಿದ್ದು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಫೈನಲ್ ಪರೀಕ್ಷೆಯ ಎರಡೂ ಗ್ರೂಪ್, ಅಂದರೆ ಮೂರು ಮೂರರಂತೆ ಆರು ಪೇಪರ್, ಬರೆಯುತ್ತಿದ್ದಳು. ಎರಡನೇ ಅಟೆಂಪ್ಟ್. ಎರಡನೆಯದಾದ ಎಎಫ್‌ಎಂ (ಹಣಕಾಸು ನಿರ್ವಹಣೆ) ಪೇಪರ್ ಸಂಜೆ 5ಕ್ಕೆ ಮುಗಿದಿತ್ತು. 7 ಗಂಟೆಗೆ ರೂಮ್‌ಮೇಟ್ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬಂದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಕೈಯಲ್ಲಿ ಪ್ರಶ್ನೆಪತ್ರಿಕೆ. ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟಾಗಿತ್ತು.

"ಎಲ್ಲಾ ಹೋಯ್ತು ಮೇಡಂ. ನಾಡಿದ್ದು ಆಡಿಟ್ ಪೇಪರಿಗೆ ಹೋಗಲ್ಲ."

ಮೊದಲು ನೇರವಾಗಿ ಕೇಳಿದೆ: ಸಾಯುವ ಯೋಚನೆ ಬಂತಾ? ಇದನ್ನು ಕೇಳಲು ಮನೆಯವರು ಹೆದರುತ್ತಾರೆ, ಇಲ್ಲದ್ದನ್ನು ತಲೆಗೆ ಹಾಕಿದ ಹಾಗಾಗುತ್ತದೆ ಅಂತ. ಹಾಗೇನೂ ಆಗುವುದಿಲ್ಲ. "ಇಲ್ಲ, ನಾಚಿಕೆ ಅಷ್ಟೇ" ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಪತ್ರಿಕೆ ಬಿಡಿಸಿದೆವು. ಎಂಸಿಕ್ಯೂ (ಸರಿ ಉತ್ತರ ಆರಿಸುವ ಪ್ರಶ್ನೆ) ಪಕ್ಕದಲ್ಲೆಲ್ಲ ಕೆಂಪು ಪೆನ್ನಿನ ಇಂಟು ಗುರುತು. ಹಾಲ್‌ನಿಂದ ಹೊರಗೆ ಬಂದವಳೇ ಟೆಲಿಗ್ರಾಂ ಗ್ರೂಪಿನಲ್ಲಿ ಉತ್ತರ ತಾಳೆ ನೋಡಿದ್ದಳು. ಒಂದೇ ಪ್ರಶ್ನೆಗೆ ಅಲ್ಲಿ ಮೂರು ಥರದ ಉತ್ತರ! ಮೂರರಲ್ಲಿ ತನ್ನದಕ್ಕೆ ಹೊಂದದ್ದನ್ನೇ ಇವಳು ನಂಬಿದ್ದಳು. ಪರೀಕ್ಷೆ ಮುಗಿಸಿ ಬಂದ ಮಕ್ಕಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ.

"ಸರಿ ತಪ್ಪು ಬಿಡು. ಎಷ್ಟು ಅಂಕಕ್ಕೆ ಬರೆದೆ, ಅಷ್ಟು ಹೇಳು" ಅಂದೆ. ಬೆರಳೆಣಿಸಿ ಕೂಡಿದಳು. 76. ಪಾಸಾಗಲು ಪ್ರತಿ ಪೇಪರಿಗೆ ನೂರಕ್ಕೆ 40 ಬೇಕು, ಗ್ರೂಪಿಗೆ ಒಟ್ಟಾರೆ ಶೇ. 50. ಪಾಸಾಗುತ್ತೀಯ ಅಂತ ನಾನು ಹೇಳಲಿಲ್ಲ. ಅದು ನನಗೂ ಗೊತ್ತಿಲ್ಲ, ಆ ಟೆಲಿಗ್ರಾಂನವರಿಗೂ ಗೊತ್ತಿಲ್ಲ ಅಲ್ವಾ?

ಆಡಿಟ್ ಬಿಡುವ ಮಾತಿಗೆ ರೂಮ್‌ಮೇಟೇ ಅಡ್ಡ ಬಂದಳು. ಗ್ರೂಪಿನ ಎಲ್ಲ ಪೇಪರಿಗೂ ಕೂತಿದ್ದರೆ ಮಾತ್ರ, 60 ಬಂದ ಪೇಪರಿಗೆ ಎಕ್ಸೆಂಪ್ಷನ್, ಅಂದರೆ ಅದನ್ನು ಮತ್ತೆ ಬರೆಯಬೇಕಿಲ್ಲ, ಅದು ಮುಂದಿನ ಮೂರು ಅಟೆಂಪ್ಟ್‌ವರೆಗೆ. "ನಿನ್ನ ಮೊದಲನೇ ಪೇಪರ್ ಎಫ್‌ಆರ್ ಚೆನ್ನಾಗಾಗಿದೆ. ಆಡಿಟ್ ಬಿಟ್ಟರೆ ಅದೂ ಹೋಗುತ್ತೆ ಕಣೇ." ಸುಮಾ ತಲೆ ಎತ್ತಿ ಅವಳನ್ನು ನೋಡಿದಳು. ನನ್ನ ಅರ್ಧ ಗಂಟೆಯ ಮಾತಿಗಿಂತ ಇದೇ ಜಾಸ್ತಿ ಕೆಲಸ ಮಾಡಿತು.

ನಾನು ಹೇಳಿದ್ದು ಇಷ್ಟು. ಪತ್ರಿಕೆ ರೂಮ್‌ಮೇಟ್ ಕಪಾಟಿಗೆ ಹೋಗಲಿ, ಆರನೇ ಪೇಪರ್ ಮುಗಿದ ಮೇಲೆ ಈಚೆಗೆ ಬರಲಿ. ಟೆಲಿಗ್ರಾಂ ಡಿಲೀಟ್. ಮ್ಯೂಟ್ ಮಾಡಿದರೆ ಸಾಲದು, ಕೈ ಸುಮ್ನೆ ಇರುವುದಿಲ್ಲ. ಇವತ್ತು ಊಟ, ನಿದ್ದೆ. ಪುಸ್ತಕ ನಾಳೆ ಬೆಳಿಗ್ಗೆ.

ಅಪ್ಪನ ನಾಲ್ಕು ಮಿಸ್ಡ್ ಕಾಲ್ ಇದ್ದವು. ಏನು ಹೇಳುವುದು ಅಂತ ಕೂತಲ್ಲೇ ಎರಡು ಸಲ ಹೇಳಿಸಿ ನೋಡಿದೆ. ಆಮೇಲೆ ಸ್ಪೀಕರ್‌ನಲ್ಲಿ ಮಾಡಿದಳು.

"ಅಪ್ಪಾ, ಪೇಪರ್ ಕಷ್ಟ ಇತ್ತು. ಎಲ್ಲಾ ಮುಗಿಯೋವರೆಗೂ ಹೆಂಗಾತು ಅಂತ ಕೇಳಬ್ಯಾಡ."

ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ಆತು ಬಿಡವ್ವ. ಉಂಡ್ಯಾ?"

ಆಗ ಅತ್ತಳು, ಚೆನ್ನಾಗಿ ಅತ್ತಳು. ಕೆಳಗಿನ ದರ್ಶಿನಿಯಲ್ಲಿ ಇಬ್ಬರೂ ಮೊಸರನ್ನ ತಿಂದು ಹೋದರು.

ಆಡಿಟ್ ಬರೆದಳು. ಉಳಿದ ಮೂರನ್ನೂ ಬರೆದಳು. ಫಲಿತಾಂಶ ಇನ್ನೂ ಬಂದಿಲ್ಲ. ಅದು ಬರುವ ವಾರಕ್ಕೆ ಈಗಲೇ ನನ್ನ ಡೈರಿಯಲ್ಲಿ ಹೆಸರು ಬರೆಸಿ ಹೋಗಿದ್ದಾಳೆ.