ಓದುಗರ ಗ್ಯಾರೇಜು: ಕಾಕ್ ಕೆಳಗಿನ ಕಲೆ

ಮಳೆ ಹೊಳವಾಗಿ, ಕೊಟ್ಟಿಗೆ ಮೂಲೆಯ ಬೈಕು ಅಂಗಳಕ್ಕೆ ಬರುವ ಹೊತ್ತಿಗೆ ನಮಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಪೆಟ್ರೋಲ್ ವಾಸನೆಯವೇ. ಈ ಸಲದ ಜಾಗ ಪೂರ್ತಿ ಅವಕ್ಕೆ, ಅದರಲ್ಲೂ ಟ್ಯಾಂಕಿನಡಿ ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿಗೆ, ಅಂದರೆ ಪೆಟ್ರೋಲ್ ಕಾಕ್‌ಗೆ.

ಪ್ರಶ್ನೆ: 1994ರ ಯಮಹಾ ಆರ್‌ಎಕ್ಸ್ 100 ಇದೆ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಪೆಟ್ರೋಲ್ ಕಾಕ್ ಕೆಳಗೆ ಅಂಗೈ ಅಗಲದ ಕಲೆ. ಎರಡು ಸಲ ಸ್ಕ್ರೂ ಬಿಗಿ ಮಾಡಿಸಿದ್ದಾಯಿತು. ವಾರ ಸುಮ್ಮನಿದ್ದು ಮತ್ತೆ ಶುರು. ಇಡೀ ಕಾಕ್ ಬದಲಿಸಬೇಕೆ?
(ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಇನ್ನು ಬಿಗಿ ಮಾಡಿಸಬೇಡಿ. ಕಾಕ್ ಹಾಳಾಗುವುದಕ್ಕಿಂತ ಬಿಗಿ ಮಾಡಿ ಹಾಳು ಮಾಡಿದ್ದೇ ಜಾಸ್ತಿ. ಮೊದಲು ಎಲ್ಲಿಂದ ಸೋರುತ್ತಿದೆ ಎಂದು ಗೊತ್ತಾಗಲಿ. ಪೆಟ್ರೋಲ್ ಒಂದು ಕಡೆ ಜಿನುಗಿ, ಮೈಗುಂಟ ಇಳಿದು, ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಕಾಕನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಹಳೇ ಟೂತ್‌ಬ್ರಶ್‌ನಲ್ಲಿ ಅದರ ಮೈಗೆಲ್ಲ ಬಳಿಯಿರಿ. ಹತ್ತು ನಿಮಿಷ ಕಾಯಿರಿ. ಮೊದಲು ಕಪ್ಪಾಗುವ ಜಾಗವೇ ಕಳ್ಳ.

ಟ್ಯಾಂಕಿಗೆ ಕೂರುವ ಅಂಚಿನಲ್ಲಿ ಒದ್ದೆಯಾದರೆ ಒಳಗಿನ ಓ-ರಿಂಗ್ (ರಬ್ಬರ್ ಬಳೆ) ಹೋಗಿದೆ. ಅಡಿಯ ಬಟ್ಟಲಿನ ಸುತ್ತ ಆದರೆ ಬಟ್ಟಲಿನ ಓ-ರಿಂಗ್. ಪೈಪಿನ ಬಾಯಲ್ಲಾದರೆ ಪೈಪ್ ಗಟ್ಟಿಯಾಗಿದೆ. ತುದಿಯಲ್ಲಿ ಒಂದಿಂಚು ಕತ್ತರಿಸಿ ಮತ್ತೆ ತೊಡಿಸಿದರೂ ತಾತ್ಕಾಲಿಕಕ್ಕೆ ಸಾಕು, ಆದರೆ ಕ್ಲಿಪ್ ಬೇಕೇ ಬೇಕು. ಕಾರ್ಬ್ಯುರೇಟರಿನ ಓವರ್‌ಫ್ಲೋ ಪೈಪಿನಿಂದ ಬೀಳುತ್ತಿದ್ದರೆ ಅದು ಬೇರೆ ಕಥೆ, ಮುಂದಿನ ಪ್ರಶ್ನೆ ನೋಡಿ. ನಿಮ್ಮ ವಿವರಣೆ ನೋಡಿದರೆ ಲಿವರಿನ ಹಿಂದೆಯೇ ಒದ್ದೆಯಾಗುವ ಸಾಧ್ಯತೆ ಹೆಚ್ಚು.

ಲಿವರಿನ ಹಿಂದೆ ನಾಲ್ಕು ತೂತಿನ ರಬ್ಬರ್ ಬಿಲ್ಲೆಯೊಂದಿದೆ. ಅದರ ಮೇಲೆ ಲಿವರಿನ ಮುಖ ಜಾರುತ್ತದೆ, ಅಲೆಯಂತೆ ಬಾಗಿದ ಸ್ಪ್ರಿಂಗ್ ವಾಷರ್ ಅದನ್ನು ಒತ್ತಿ ಹಿಡಿಯುತ್ತದೆ, ಹೊರಗೆ ಎರಡು ಸಣ್ಣ ಸ್ಕ್ರೂಗಳ ತಗಡು. ಒತ್ತುವ ಕೆಲಸ ವಾಷರಿನದು, ಸ್ಕ್ರೂಗಳದ್ದಲ್ಲ. ಸ್ಕ್ರೂ ತಿರುಪಿದಷ್ಟೂ ತಗಡು ಬಾಗುತ್ತದೆ, ಲಿವರ್ ಬಿಗಿಯಾಗುತ್ತದೆ, ಪ್ರತಿ ಸಲ ತಿರುಗಿಸಿದಾಗಲೂ ರಬ್ಬರ್ ಅಷ್ಟಷ್ಟು ಕೊರೆದುಹೋಗುತ್ತದೆ. ವಾರ ಬಿಟ್ಟು ಸೋರುವ ಗುಟ್ಟು ಇಷ್ಟೇ.

ಈ ರಿಪೇರಿಗೆ ಕಾಕನ್ನು ಟ್ಯಾಂಕಿನಿಂದ ಕಳಚಬೇಕಿಲ್ಲ. ಎಂಜಿನ್ ತಣ್ಣಗಿರಲಿ, ಜಾಗ ಬಯಲಾಗಿರಲಿ. ಬಚ್ಚಲ ಒಲೆ ಮರೆಯದಿರಿ: ನಮ್ಮ ಮನೆಗಳಲ್ಲಿ ಬೆಳಗಿನಿಂದ ಕೆಂಡ ಇದ್ದೇ ಇರುತ್ತದೆ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಅಲ್ಲಿಯವರೆಗೂ ಹರಿಯುತ್ತದೆ. ಕಾರ್ಬ್ಯುರೇಟರ್ ಕಡೆಯ ಪೈಪ್ ಬಿಚ್ಚಿ, ಲಿವರ್ ರಿಸರ್ವ್‌ಗೆ ತಿರುಗಿಸಿ, ಪೆಟ್ರೋಲನ್ನು ಕಬ್ಬಿಣದ ಕ್ಯಾನಿಗೆ ಇಳಿಸಿ. ಅಷ್ಟಾದರೂ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ, ಕೆಳಗೊಂದು ಬಟ್ಟಲಿಡಿ.

ಸ್ಕ್ರೂಗಳ ತಲೆ ಮೆತ್ತಗೆ. ಸರಿ ಅಳತೆಯ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು, ಹಿಂಬದಿಗೆ ಸಣ್ಣ ಸುತ್ತಿಗೆಯಲ್ಲಿ ಒಂದೆರಡು ಏಟು ಕೊಟ್ಟು, ಆಮೇಲೆ ತಿರುಗಿಸಿ. ತಗಡು, ವಾಷರ್, ಲಿವರ್, ರಬ್ಬರ್, ಬಂದ ಕ್ರಮದಲ್ಲೇ ಪೇಪರಿನ ಮೇಲೆ ಜೋಡಿಸಿಡಿ. ಲಿವರಿನ ಮುಖ ಬೆಳಕಿಗೆ ಹಿಡಿದು ನೋಡಿ. ಉಂಗುರದಂತೆ ಗೀರು ಕಂಡರೆ ಟ್ಯಾಂಕಿನ ತುಕ್ಕಿನ ಪುಡಿ ನಡುವೆ ಸಿಕ್ಕಿ ಕೊರೆದಿದೆ ಎಂದರ್ಥ. ಆ ಗೀರಿದ್ದರೆ ಹೊಸ ರಬ್ಬರ್ ಹಾಕಿದರೂ ಸೋರುತ್ತದೆ. ಗಾಜಿನ ಮೇಲೆ 1000 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಇಟ್ಟು, ಸೋಪಿನ ನೀರು ಹಾಕಿ, ಲಿವರಿನ ಮುಖವನ್ನು ಎಂಟರ ಆಕಾರದಲ್ಲಿ ಉಜ್ಜಿ. ಉಗುರಿಗೆ ಗೀರು ತಾಗದಷ್ಟಾದರೆ ಸಾಕು. ಬಾಗಿದ ತಗಡನ್ನು ಮಟ್ಟಸ ಮಾಡಿ, ಚಪ್ಪಟೆಯಾದ ವಾಷರನ್ನು ಬೆರಳಲ್ಲೇ ಕೊಂಚ ಬಾಗಿಸಿ.

ಹಳೇ ರಬ್ಬರನ್ನೇ ಮಗುಚಿ ಹಾಕುವವರಿದ್ದಾರೆ. ಊರು ಮುಟ್ಟಿಸುತ್ತದೆ, ಅಷ್ಟೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಒಯ್ದು ತೂತಿಗೆ ತೂತು ಹೊಂದಿಸಿ ನೋಡಿ. ಅರ್ಧ ಮುಚ್ಚಿದರೆ ಏರಿನಲ್ಲಿ ಬೈಕು ಉಸಿರು ಕಟ್ಟುತ್ತದೆ. ವಿಟಾನ್ ರಬ್ಬರಿನದು ಸಿಕ್ಕರೆ ಅದನ್ನೇ ತನ್ನಿ, ಪೆಟ್ರೋಲಿಗೆ ಬೆರೆಸುವ ಎಥನಾಲನ್ನು ತಾಳಿಕೊಳ್ಳುತ್ತದೆ. ಕೂರಿಸುವಾಗ ಒಂದು ಹನಿ ಎಂಜಿನ್ ಆಯಿಲ್ ಸವರಿ. ಗ್ರೀಸ್ ಬೇಡ, ಪೆಟ್ರೋಲ್ ಅದನ್ನು ತೊಳೆದು ಕಾರ್ಬ್ಯುರೇಟರಿನ ಸಣ್ಣ ತೂತಿಗೆ, ಅಂದರೆ ಜೆಟ್ಟಿಗೆ ಒಯ್ಯುತ್ತದೆ. ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ತಿರುಗಿಸಿ. ಲಿವರ್ ಎರಡು ಬೆರಳಿನಲ್ಲಿ ತಿರುಗಬೇಕು, ಬಿಟ್ಟ ಜಾಗದಲ್ಲಿ ನಿಲ್ಲಬೇಕು.

ಈಗ ಅರ್ಧ ಲೀಟರ್ ಮಾತ್ರ ಸುರಿಯಿರಿ. ಬಿಚ್ಚಿದ ಪೈಪಿನ ತುದಿ ಬಾಟಲಿಯಲ್ಲಿರಲಿ. ಲಿವರ್ ರಿಸರ್ವ್‌ಗೆ ತಿರುಗಿಸಿದರೆ ಧಾರೆ ತುಂಡಾಗದೆ ಬರಬೇಕು. ಬಂದು ಅರ್ಧ ನಿಮಿಷಕ್ಕೆ ಸೊರಗಿದರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿದೆಯೇ ನೋಡಿ. ಆಫ್ ಮಾಡಿ, ಮತ್ತೆ ಸೀಮೆಸುಣ್ಣ ಬಳಿದು, ಕಾಲು ಗಂಟೆ ಬಿಟ್ಟು ನೋಡಿ. ಅದು ಒಣಗಿಯೇ ಇದ್ದರೆ ಉಳಿದದ್ದನ್ನು ತುಂಬಿಸಿ.

ಲಿವರಿನ ತಗಡಿಗೆ ಸ್ಕ್ರೂ ಬದಲು ರಿವೆಟ್ ಇರುವ ಕಾಕ್‌ಗಳೂ ಇವೆ. ಅವನ್ನು ಬಿಚ್ಚಿ ಒದ್ದಾಡಬೇಡಿ, ಪೂರ್ತಿ ಬದಲಿಸಿ.

ಪ್ರಶ್ನೆ: ಹಳೇ ಸ್ಪ್ಲೆಂಡರ್. ಕಾಕ್ ಹೊರಗೆಲ್ಲ ಒಣಗಿದೆ, ಆದರೂ ರಾತ್ರಿ ಕಳೆದರೆ ಪೆಟ್ರೋಲ್ ಕಮ್ಮಿ, ಎಂಜಿನ್ ಆಯಿಲ್ ಮಾತ್ರ ಹೆಚ್ಚು!
(ಸಾಗರದ ಓದುಗರು)

ಉತ್ತರ: ಮೊದಲು ಬೈಕು ಸ್ಟಾರ್ಟ್ ಮಾಡುವುದನ್ನು ನಿಲ್ಲಿಸಿ. ಕಾಕ್ ಆಫ್‌ನಲ್ಲೂ ಒಳಗೊಳಗೇ ಬಿಡುತ್ತಿದೆ, ಕಾರ್ಬ್ಯುರೇಟರ್ ತುಂಬಿದಾಗ ಪೆಟ್ರೋಲ್ ದಾರಿ ಮುಚ್ಚುವ ಫ್ಲೋಟ್ ಪಿನ್ ಸಹ ತಡೆಯುತ್ತಿಲ್ಲ. ಎರಡೂ ಸೇರಿ ಪೆಟ್ರೋಲ್ ಎಂಜಿನ್ನಿಗೆ ಇಳಿದಿದೆ. ಆಯಿಲ್ ಕಡ್ಡಿ ಮೂಸಿ ನೋಡಿದರೆ ಗೊತ್ತಾಗುತ್ತದೆ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗು, ಪಿಸ್ಟನ್ನು ಸವೆಯುತ್ತವೆ. ಪೈಪ್ ತುದಿಯನ್ನು ಬಾಟಲಿಗಿಳಿಸಿ, ಲಿವರ್ ಆಫ್ ಮಾಡಿ ಅರ್ಧ ಗಂಟೆ ಬಿಡಿ. ಒಂದು ತೊಟ್ಟು ಬಿದ್ದರೂ ಕಾಕಿನ ರಬ್ಬರ್ ಹೋಗಿದೆ. ಅದನ್ನೂ ಫ್ಲೋಟ್ ಪಿನ್ನನ್ನೂ ಒಟ್ಟಿಗೇ ಸರಿ ಮಾಡಿಸಿ, ಆಯಿಲ್ ಪೂರ್ತಿ ಬದಲಿಸಿದ ಮೇಲೆಯೇ ಕಿಕ್ ಹೊಡೆಯಿರಿ.

ಪ್ರಶ್ನೆ: ಟ್ಯಾಂಕಿಗೆ ಕೂರುವ ಜಾಗದಲ್ಲಿ ಸೋರುತ್ತದೆ. ಸಿಲಿಕೋನ್ ಪೇಸ್ಟ್, ಎಂ-ಸೀಲ್, ಟೆಫ್ಲಾನ್ ಟೇಪ್, ಯಾವುದು ಒಳ್ಳೆಯದು?
(ಹೊಸನಗರದ ಓದುಗರು)

ಉತ್ತರ: ಮೂರೂ ಬೇಡ. ಸಿಲಿಕೋನ್ ಪೆಟ್ರೋಲಿನಲ್ಲಿ ಉಬ್ಬಿ, ಮೆದುವಾಗಿ, ಚೂರುಚೂರಾಗಿ ಜೆಟ್ಟಿಗೆ ಹೋಗುತ್ತದೆ. ಟೇಪಿನ ಎಳೆಗಳದ್ದೂ ಅದೇ ಹಾದಿ. ಒದ್ದೆ ಜಾಗಕ್ಕೆ ಎಂ-ಸೀಲ್ ಹಿಡಿಯುವುದಿಲ್ಲ, ಒಣಗಿಸಿ ಹಚ್ಚಿದರೆ ನಾಳೆ ಕಾಕ್ ಕಳಚುವುದೇ ಕಷ್ಟ.

ಕಾಕ್ ಕಳಚಿ, ಟ್ಯಾಂಕಿಗೆ ಕೂರುವ ಮುಖವನ್ನು ಗಾಜಿನ ಮೇಲಿಡಿ. ಅತಿ ಬಿಗಿಯಿಂದ ಬೋಲ್ಟ್ ಕೂರುವ ಎರಡೂ ಕಿವಿ ಬಾಗಿ, ನಡುಭಾಗ ಗಾಜಿನಿಂದ ಎದ್ದು ನಿಂತಿರುತ್ತದೆ. 400 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿ ಮಟ್ಟ ಮಾಡಿ, ಆದರೆ ಓ-ರಿಂಗ್ ಕೂರುವ ಕಾಲುವೆ ಆಳ ಕಳೆದುಕೊಳ್ಳುವಷ್ಟಲ್ಲ. ಹೊಸ ಓ-ರಿಂಗ್ ಹಾಕಿ. ಬೋಲ್ಟ್ ತಲೆಯಡಿ ಫೈಬರ್ ವಾಷರ್ ಇದ್ದಿದ್ದರೆ ಅದೂ ಹೊಸದೇ ಆಗಲಿ. ಎಷ್ಟೋ ಸಲ ಸೋರುವುದು ಓ-ರಿಂಗ್ ಅಲ್ಲ, ಆ ಪುಟ್ಟ ವಾಷರ್. ದಾರಿಯಲ್ಲಿ ಟ್ಯಾಂಕಿನ ತಗಡಿಗೇ ಸೂಜಿ ತೂತು ಬಿದ್ದರೆ ಬಟ್ಟೆ ಸೋಪಿನ ಬಿಲ್ಲೆ ಗಟ್ಟಿಯಾಗಿ ಉಜ್ಜಿ, ಮನೆ ಸೇರುವವರೆಗೆ ತಡೆದೀತು.

ಪ್ರಶ್ನೆ: 1970ರ ದಶಕದ ಬುಲೆಟ್, ಎಳೆದು ತೆರೆಯುವ ಕಾರ್ಕ್ ಕಾಕ್. ಮಳೆಗಾಲಕ್ಕೆ ಟ್ಯಾಂಕ್ ಖಾಲಿ ಮಾಡಿಟ್ಟಿದ್ದೆ. ದಸರಾಕ್ಕೆ ತುಂಬಿಸಿದರೆ ಧಾರೆಯಾಗಿ ಸೋರುತ್ತಿದೆ. ಕಾಕ್ ತೊಳೆಯಲು ಹುಣಸೆಹುಳಿ ಆದೀತೆ?
(ಕೊಪ್ಪದ ಓದುಗರು)

ಉತ್ತರ: ಒದ್ದೆಯಿದ್ದಾಗ ಉಬ್ಬಿ ತಡೆಯುವುದೇ ಕಾರ್ಕಿನ ಗುಣ. ಖಾಲಿ ಟ್ಯಾಂಕಿನಲ್ಲಿ ಅದು ಒಣಗಿ ಕುಗ್ಗಿದೆ. ಕಡ್ಡಿ ಹೊರಗೆಳೆದು ಕಾರ್ಕನ್ನು ಬಿಸಿ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಒರೆಸಿ, ತಿರುಗಿಸುತ್ತಾ ತೂರಿಸಿ. ಅಂಚು ಕಿತ್ತಿದ್ದರೆ ಹೊಸ ಕಾರ್ಕೇ ಗತಿ. ಬರೇ ಹಿತ್ತಾಳೆಯ ಭಾಗಕ್ಕೆ ಹುಣಸೆಹುಳಿ ಚೆನ್ನ, ಬೇಗ ತೊಳೆದುಬಿಡಿ. ಆದರೆ ಬಿಳಿ ಲೋಹದ ಎರಕದ ಕಾಕನ್ನು ಯಾವ ಹುಳಿಯಲ್ಲೂ ನೆನೆಸಬೇಡಿ, ಮೈ ತಿಂದು ಹಾಕುತ್ತದೆ.

ಇನ್ನೊಂದು ವಿಷಯ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಎಥನಾಲ್ ಗಾಳಿಯ ತೇವ ಎಳೆಯುತ್ತದೆ, ಮಲೆನಾಡಿನ ಜುಲೈಯಲ್ಲಿ ತೇವಕ್ಕೇನು ಬರ. ನೀರು ಹೆಚ್ಚಾದರೆ ಎಥನಾಲ್ ಸಮೇತ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಅಂದರೆ ಕಾಕ್ ಇರುವ ಜಾಗಕ್ಕೇ. ಇಳಿಸಿದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹತ್ತು ನಿಮಿಷ ಇಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ಆ ಪೆಟ್ರೋಲ್ ಮತ್ತೆ ಹಾಕಬೇಡಿ. ಒಂದೆರಡು ತಿಂಗಳು ನಿಲ್ಲಿಸುವುದಾದರೆ ಟ್ಯಾಂಕ್ ಕತ್ತಿನವರೆಗೆ ತುಂಬಿಸಿಡುವುದೇ ಮೇಲು: ಗಾಳಿಗೆ ಜಾಗವಿಲ್ಲ, ಕಾರ್ಕೂ ಒಣಗದು.

ಪ್ರಶ್ನೆ: ಹೊಸ ಕಾಕ್ ಬಿಗಿಯಾಗುವಷ್ಟರಲ್ಲಿ ಪೈಪಿನ ಮೂತಿ ಹೊರಗೆ ತಿರುಗುತ್ತದೆ. ಒಳಗೆ ತಿರುಗಿಸಿದರೆ ಸಡಿಲ.
(ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮದು ದೊಡ್ಡ ನಟ್ಟಿನ ಮಾದರಿ. ಕೆಲವದರಲ್ಲಿ ಆ ನಟ್ಟಿಗೆ ಟ್ಯಾಂಕ್ ಕಡೆ ಬಲ ಮರೆ (ಥ್ರೆಡ್), ಕಾಕ್ ಕಡೆ ಎಡ ಮರೆ ಇರುತ್ತದೆ. ನಟ್ಟನ್ನು ಮೊದಲು ಕಾಕಿಗೆ ಒಂದೇ ಸುತ್ತು ಹಿಡಿಸಿ, ಆಮೇಲೆ ಟ್ಯಾಂಕಿಗೆ ತಾಗಿಸಿ, ಮೂತಿಯನ್ನು ಕೈಯಲ್ಲಿ ಬೇಕಾದ ಕಡೆಗೆ ಹಿಡಿದುಕೊಂಡು ನಟ್ಟು ಮಾತ್ರ ತಿರುಗಿಸಿ. ಎರಡೂ ಕಡೆ ಒಟ್ಟಿಗೇ ಹತ್ತಿರ ಬರುತ್ತವೆ.